ಹುಟ್ಟಿದ ನಿಲುವೂ ಅರಳಿದ ನಿಲುವೂ

'ಹುಟ್ಟುಗುಣ ಸುಟ್ಟರೂ ಹೋಗದು' ಎಂಬ ಗಾದೆಯು ನಮ್ಮ ಮನೆಮನೆಗಳಲ್ಲಿ ಬಳಕೆಯಲ್ಲಿದೆ. ಮಗನು ಮಾತು ಕೇಳದಿದ್ದಾಗ ತಂದೆಯೂ, ಸೊಸೆಯ ನಡೆ ಒಪ್ಪಿಗೆಯಾಗದಿದ್ದಾಗ ಅತ್ತೆಯೂ, ತಮ್ಮನು ಕುಡಿತವನ್ನು ಬಿಡದಿದ್ದಾಗ ಅಣ್ಣನೂ ಈ ಗಾದೆಯನ್ನಾಡಿ ನಿಟ್ಟುಸಿರು ಬಿಡುತ್ತಾರೆ. ಆಡಿದ ಮೇಲೆ ಅವರಿಗೆ ಒಂದು ಬಗೆಯ ನೆಮ್ಮದಿಯೂ ಉಂಟಾಗುತ್ತದೆ. ಏಕೆಂದರೆ ಗುಣವು ಹುಟ್ಟಿನದೇ ಆದರೆ ತಿದ್ದುವ ಹೊಣೆ ಯಾರ ಮೇಲೆಯೂ ಉಳಿಯುವುದಿಲ್ಲ. ಗಾದೆಯು ಅನುಭವದಿಂದ ಬಂದ ಮಾತು. ಅದನ್ನು ಹಗುರವಾಗಿ ತಳ್ಳಿಹಾಕಲಾಗದು. ಆದರೂ ವಿಚಾರಿಸಬೇಕಾದ ಒಂದು ಪ್ರಶ್ನೆ ಇಲ್ಲಿ ಅಡಗಿದೆ. ಹುಟ್ಟುವಾಗ ಇದ್ದ ನಿಲುವೇ ಸ್ವಭಾವವೋ, ಅಥವಾ ಆ ನಿಲುವಿನಿಂದ ತಿರುಗಿ ಬೇರೆ ನಿಲುವಿಗೆ ಬರುವ ಶಕ್ತಿಯೂ ಸ್ವಭಾವದೊಳಗೆ ಸೇರಿದ್ದೋ? ಮನುಷ್ಯನನ್ನು ಹುಟ್ಟಿನಿಂದ ಅಳೆಯಲಾಗದೆಂದು 12ನೆಯ ಶತಮಾನದಲ್ಲಿ ಸಾರಿದ ಶರಣರ ದಾರಿಯಲ್ಲಿ ನಡೆಯುವೆವೆನ್ನುವ ನಮಗೆ ಈ ಪ್ರಶ್ನೆಯನ್ನು ಬಿಟ್ಟು ಹೋಗುವ ಹಾಗಿಲ್ಲ.

ಈ ವಿಚಾರಕ್ಕೆ ನೆರವಾಗುವ ಒಂದು ಹೂವು ನಮ್ಮ ಸೀಮೆಯಲ್ಲಿಯೇ ಇದೆ. ಹನೂರು ತಾಲ್ಲೂಕಿನ ಮಾರ್ಟಳ್ಳಿಯ ಸುತ್ತಿನಿಂದ ಮಲೆಮಹದೇಶ್ವರ ಬೆಟ್ಟದವರೆಗೆ ಹಬ್ಬಿರುವ ಎಲೆಯುದುರುವ ಕಾಡಿನಲ್ಲಿಯೂ, ಯಳಂದೂರಿನ ಕಡೆಯ ಬಿಳಿಗಿರಿರಂಗನ ಬೆಟ್ಟದ ಸಾಲಿನಲ್ಲಿಯೂ ಮರದ ಕೊಂಬೆಗಳನ್ನು ತಬ್ಬಿಕೊಂಡು ಬೆಳೆಯುವ ಗಿಡಗಳುಂಟು. ಇವುಗಳಿಗೆ ಸಸ್ಯಶಾಸ್ತ್ರದಲ್ಲಿ ಆರ್ಕಿಡ್ ಎಂದು ಹೆಸರು. ಮಲೆನಾಡಿನವರು ಇವುಗಳಲ್ಲೊಂದನ್ನು ಸೀತಾಳೆ ದಂಡೆ ಎನ್ನುತ್ತಾರೆ. ಮರದ ಮೇಲೆ ಬೆಳೆದದ್ದನ್ನೆಲ್ಲ ಒಂದೇ ಎಂದು ಬಗೆದು ಬದನಿಕೆಯೆಂದು ಕರೆಯುವವರೂ ಇದ್ದಾರೆ. ಅಮರಕೋಶವೂ ವಂದಾ, ವೃಕ್ಷಾದನೀ, ವೃಕ್ಷರುಹಾ ಎಂಬ ಹೆಸರುಗಳನ್ನು ಒಟ್ಟಿಗೆ ಸೇರಿಸಿ ಹೇಳಿದೆ. ವೃಕ್ಷಾದನೀ ಎಂದರೆ ಮರವನ್ನು ತಿನ್ನುವಂಥದು. ವೃಕ್ಷರುಹಾ ಎಂದರೆ ಮರದ ಮೇಲೆ ಹುಟ್ಟಿ ಬೆಳೆಯುವಂಥದು. ಬದನಿಕೆಗೆ ಮೊದಲನೆಯ ಹೆಸರು ಸಲ್ಲುತ್ತದೆ. ಅದು ಮರದ ಒಳಕ್ಕೆ ಬೇರಿಳಿಸಿ ರಸವನ್ನು ಹೀರುತ್ತದೆ. ಮರದ ಮೇಲಿನ ಆರ್ಕಿಡ್ ಹಾಗಲ್ಲ. ಅದು ಕೊಂಬೆಯಲ್ಲಿ ಜಾಗವನ್ನು ಮಾತ್ರ ಪಡೆಯುತ್ತದೆ. ಗಾಳಿಗೆ ಚಾಚಿದ ದಪ್ಪ ಬೇರುಗಳ ಬಿಳಿಯ ಹೊದಿಕೆಯಿಂದ ಮಳೆಯ ನೀರನ್ನೂ ಮಂಜನ್ನೂ ಹೀರಿಕೊಂಡು, ತನ್ನ ಎಲೆಗಳಿಂದಲೇ ತನ್ನ ಆಹಾರವನ್ನು ಸಿದ್ಧಪಡಿಸಿಕೊಳ್ಳುತ್ತದೆ. 'ವಂದಾ' ಎಂಬ ಸಂಸ್ಕೃತದ ಮಾತನ್ನು 18ನೆಯ ಶತಮಾನದ ಕೊನೆಯಲ್ಲಿ ಸರ್ ವಿಲಿಯಂ ಜೋನ್ಸ್ ಅವರು ಈ ಜಾತಿಯ ಒಂದು ಗಿಡಕ್ಕೆ ಬಳಸಿದರು. ಇಂದು ಲೋಕದ ಸಸ್ಯಶಾಸ್ತ್ರವೆಲ್ಲ ಆ ಕುಲವನ್ನು ಅದೇ ಹೆಸರಿನಿಂದ ಗುರುತಿಸುತ್ತದೆ. ಭಾರತದಲ್ಲಿ 1,250ಕ್ಕೂ ಮಿಕ್ಕ ಬಗೆಯ ಆರ್ಕಿಡ್‌ಗಳಿವೆಯೆಂದು ಸಸ್ಯಸರ್ವೇಕ್ಷಣ ಇಲಾಖೆಯವರು ಎಣಿಸಿದ್ದಾರೆ.

ನಮ್ಮ ಒಣಗಾಡುಗಳಲ್ಲಿ ಕಾಣುವ ವಂದಾ ಟೆಸೆಲ್ಲಾಟಾ ಎಂಬುದನ್ನೇ ತೆಗೆದುಕೊಳ್ಳೋಣ. ಅದರ ಎಸಳುಗಳು ಹಳದಿಹಸಿರಿನ ಮೇಲೆ ಕಂದುಬಣ್ಣದ ಚೌಕಳಿ ಬರೆದಂತೆ ಇರುತ್ತವೆ. ಆರು ದಳಗಳಲ್ಲಿ ಐದು ಸುಮಾರಾಗಿ ಒಂದೇ ತೆರ; ಆರನೆಯದು ಮಾತ್ರ ಬೇರೆ ಆಕಾರದ್ದು, ನೇರಳೆ ಛಾಯೆಯದು, ಮುಂದಕ್ಕೆ ಚಾಚಿದ ತುಟಿಯಂಥದು. ಇದನ್ನು ತುಟಿದಳವೆನ್ನೋಣ. ಅರಳಿದ ಹೂವಿನಲ್ಲಿ ತುಟಿದಳವು ಕೆಳಗಡೆ ಇರುತ್ತದೆ. ಹಾರಿ ಬಂದ ಹುಳು ಅದರ ಮೇಲೆ ಕಾಲೂರಿ, ಅಲ್ಲಿಂದ ಹೂವಿನ ಒಳಕ್ಕೆ ತಲೆಯಿಕ್ಕುತ್ತದೆ. ಆಗ ಮೇಲೆ ಬಾಗಿರುವ ಕಂಬದಂಥ ಭಾಗದಿಂದ ಪರಾಗದ ಮುದ್ದೆಯು ಅದರ ಮೈಗೆ ಅಂಟುತ್ತದೆ. ಮನೆಯ ಮುಂದಿನ ಜಗಲಿಯ ಹಾಗೆ ಈ ದಳವು ಬಂದವರಿಗೆ ನಿಲ್ಲಲು ಜಾಗವಾಗಿದೆಯೆಂದರೆ ಸಲ್ಲುತ್ತದೆ.

ಆಶ್ಚರ್ಯದ ಸಂಗತಿಯೆಂದರೆ, ಈ ಜಗಲಿಯು ಮೊದಲಿನಿಂದ ಕೆಳಗಿದ್ದುದಲ್ಲ. ಎಳೆಯ ಮೊಗ್ಗಿನಲ್ಲಿ ತುಟಿದಳವು ಮೇಲುಗಡೆ ಇರುತ್ತದೆ. ಹೂವು ಹುಟ್ಟುವ ಕ್ರಮವೇ ಹಾಗೆ. ಮೊಗ್ಗು ಬಲಿತು ಅರಳುವ ಕಾಲಕ್ಕೆ ಅದರ ಹಿಂದಿನ ತೊಟ್ಟೂ, ತೊಟ್ಟಿನಂತೆಯೇ ಕಾಣುವ ಅಂಡಾಶಯವೂ ಮೆಲ್ಲಮೆಲ್ಲನೆ ಹುರಿಗೊಳ್ಳತೊಡಗುತ್ತವೆ. ಅರ್ಧ ಸುತ್ತು, ಎಂದರೆ ಸುಮಾರು 180 ಡಿಗ್ರಿ ತಿರುಗಿದಾಗ ಮೇಲಿದ್ದ ತುಟಿದಳ ಕೆಳಕ್ಕೆ ಬರುತ್ತದೆ. ಆರ್ಕಿಡ್ ಕುಟುಂಬದ ಬಹುಪಾಲು ಹೂವುಗಳು ಹೀಗೆ ಮಗ್ಗುಲು ಬದಲಿಸಿಯೇ ಅರಳುತ್ತವೆ. ನಂಬಿಕೆಯಾಗದವರು ಗಿಡವನ್ನು ಕೀಳದೆ, ಹೂವನ್ನು ಹರಿಯದೆ, ಅರಳಿದ ಹೂವಿನ ಬೆನ್ನ ಹಿಂದೆ ನೋಡಬಹುದು. ಅಂಡಾಶಯದ ಮೇಲಿನ ಗೆರೆಗಳು ಹಗ್ಗದ ಎಳೆಗಳಂತೆ ಓರೆಯಾಗಿ ಸುತ್ತಿಕೊಂಡಿರುತ್ತವೆ. ಪಕ್ಕದ ಎಳೆಮೊಗ್ಗಿನಲ್ಲಿ ಅವೇ ಗೆರೆಗಳು ನೇರವಾಗಿರುತ್ತವೆ.

ಈಗ ಮೊದಲಿನ ಪ್ರಶ್ನೆಯನ್ನು ಕೇಳೋಣ. ಈ ಹೂವಿನ ಸ್ವಭಾವ ಯಾವುದು? ತುಟಿ ಮೇಲಿದ್ದ ಮೊಗ್ಗಿನ ನಿಲುವೇ, ಅಥವಾ ತುಟಿ ಕೆಳಗಿರುವ ಹೂವಿನ ನಿಲುವೇ? ಹುಟ್ಟನ್ನೇ ಪ್ರಮಾಣವಾಗಿ ಹಿಡಿಯುವವರು ಮೊದಲನೆಯದನ್ನು ಹೇಳಬೇಕಾಗುತ್ತದೆ. ಅರಳಿದ ಹೂವೆಲ್ಲವೂ ಸ್ವಭಾವಕ್ಕೆ ವಿರುದ್ಧವಾಗಿ ತಿರುಚಿಕೊಂಡದ್ದು ಎನ್ನಬೇಕಾಗುತ್ತದೆ. ಹಾಗೆಂದರೆ ಯಾರೂ ಒಪ್ಪರು. ಹೊರಗಿನಿಂದ ಯಾವ ಕೈಯೂ ಅದನ್ನು ತಿರುಗಿಸಲಿಲ್ಲ. ತಿರುಗುವ ಬಲ ಮೊಗ್ಗಿನಲ್ಲಿಯೇ ಇತ್ತು. ಆದಕಾರಣ, ಹುಟ್ಟಿದ ನಿಲುವೂ ಸ್ವಭಾವವೇ, ತಿರುಗುವುದೂ ಸ್ವಭಾವವೇ, ತಿರುಗಿ ನಿಂತದ್ದೂ ಸ್ವಭಾವವೇ ಎಂದು ಹೇಳುವುದು ನ್ಯಾಯ. ಸ್ವಭಾವವೆಂಬ ಪದವನ್ನು ನಾವು ಮೊದಲ ಹೆಜ್ಜೆಯೊಂದಕ್ಕೇ ಕಟ್ಟಿಹಾಕಿದುದರಿಂದ ಗಾದೆಗೆ ಅಷ್ಟೊಂದು ಬಲ ಬಂದಿತು.

'ಮೇಷ್ಟ್ರೇ, ಇವ್ನ ಹುಟ್ಟುಗುಣವೇ ಇಂಗೆ, ನೀವು ಎಷ್ಟು ತಿದ್ದುದ್ರೂ ಅಷ್ಟೇಯ' ಎಂದು ಮಗನನ್ನು ಶಾಲೆಯಿಂದ ಬಿಡಿಸಿಕೊಂಡು ಹೋಗಲು ಬರುವ ತಂದೆಯರನ್ನು ನಾನು ಕಂಡಿದ್ದೇನೆ. ಹನ್ನೆರಡು ವರ್ಷದ ಹುಡುಗನ ವಿಷಯದಲ್ಲಿ ಈ ತೀರ್ಪು! ಮೊಗ್ಗು ಇನ್ನೂ ತಿರುಗುವ ಮೊದಲೇ, ಇದರ ತುಟಿ ಮೇಲಿದೆ, ಇದು ಕೆಲಸಕ್ಕೆ ಬಾರದ ಹೂವೆಂದು ಚಿವುಟಿ ಎಸೆಯುವುದಕ್ಕೂ ಇದಕ್ಕೂ ವ್ಯತ್ಯಾಸವಿಲ್ಲ. ತಂದೆಯು ಮಗನ ಕೆಡುಕನ್ನು ಕಂಡದ್ದು ಸುಳ್ಳಲ್ಲ. ಕಂಡದ್ದನ್ನು ಕೊನೆಯದೆಂದು ಬಗೆದದ್ದೇ ದೋಷ.

ಹಾಗಾದರೆ ತಿದ್ದುವವರು ಏನು ಮಾಡಬೇಕು? ಕನ್ನಡದಲ್ಲಿ 'ತಿರುಚು' ಎಂಬ ಮಾತಿಗೆ ಒಳ್ಳೆಯ ಹೆಸರಿಲ್ಲ. ಮಾತನ್ನು ತಿರುಚುವವನನ್ನು ನಂಬುವುದಿಲ್ಲ. ಕಿವಿಯನ್ನು ತಿರುಚುವ ಮೇಷ್ಟರನ್ನು ಮಕ್ಕಳು ಮರೆಯುವುದಿಲ್ಲ. ಎರಡೂ ಕಡೆ ಒಬ್ಬನು ಇನ್ನೊಂದನ್ನು ತನ್ನ ಇಚ್ಛೆಗೆ ಬಗ್ಗಿಸುತ್ತಾನೆ. ಮೊಗ್ಗನ್ನು ಕೈಯಿಂದ ಹಿಡಿದು ತಿರುಗಿಸಹೋದರೆ ತೊಟ್ಟು ಮುರಿಯುತ್ತದೆಯೇ ಹೊರತು ಹೂವು ಅರಳುವುದಿಲ್ಲ. ಒಳಗಿನ ಬೆಳವಣಿಗೆಯಿಂದ ಬಂದ ತಿರುವು ನಿಲ್ಲುತ್ತದೆ. ಬಲಾತ್ಕಾರದಿಂದ ಬಂದದ್ದು ಗಾಯವಾಗುತ್ತದೆ. ಹಾಗೆಂದು ಹೊರಗಿನವರು ಏನನ್ನೂ ಮಾಡಲಾರರೆಂದಲ್ಲ. ಮೊಗ್ಗು ಯಾವುದನ್ನು ಅನುಸರಿಸಿ ತಿರುಗುತ್ತದೆಂಬುದನ್ನು ತಿಳಿದರೆ ಹೊರಗಿನವರ ಕರ್ತವ್ಯವೂ ಗೊತ್ತಾಗುತ್ತದೆ.

ಮೊಗ್ಗಿಗೆ ಕಣ್ಣಿಲ್ಲ. ಬರಲಿರುವ ಹುಳುವನ್ನು ಅದು ನೋಡಲಾರದು. ಅದು ಅನುಸರಿಸುವುದು ಭೂಮಿಯ ಸೆಳೆತವನ್ನು. ಗಿಡದ ಜೀವಕಣಗಳಲ್ಲಿ ಹಿಟ್ಟಿನ ಸಣ್ಣ ಕಾಳುಗಳಿದ್ದು, ಅವು ಭಾರದಿಂದ ಕೆಳಕ್ಕೆ ಇಳಿದು ಕೂರುತ್ತವೆ. ಹಾಗೆ ಅವು ಕೂತ ಕಡೆಯೇ 'ಕೆಳಗು' ಎಂಬುದು ಗಿಡಕ್ಕೆ ತಿಳಿಯುತ್ತದೆ. ಆಮೇಲೆ ಆಕ್ಸಿನ್ ಎಂಬ ಬೆಳವಣಿಗೆಯ ರಸದ ಹೆಚ್ಚುಕಡಿಮೆಯಿಂದ ತೊಟ್ಟಿನ ಒಂದು ಪಕ್ಕ ಹೆಚ್ಚು ಬೆಳೆದು, ಇನ್ನೊಂದು ಪಕ್ಕ ಕಡಿಮೆ ಬೆಳೆದು ತಿರುವು ಉಂಟಾಗುತ್ತದೆ. ಇದನ್ನು ಪರೀಕ್ಷಿಸಿ ನೋಡಿದ್ದಾರೆ. ಮೊಗ್ಗು ಅರಳುವುದಕ್ಕೆ ಮುಂಚೆಯೇ ಹೂದಂಟನ್ನು ತಲೆಕೆಳಗಾಗಿ ಕಟ್ಟಿದರೆ ತುಟಿದಳವು ತಾನಾಗಿ ಕೆಳಗಡೆ ಇರುತ್ತದೆ. ಆಗ ಮೊಗ್ಗು ತಿರುಗದೆ ಹಾಗೆಯೇ ಅರಳುತ್ತದೆ. ಎಂದರೆ ಅರ್ಧ ಸುತ್ತು ತಿರುಗಲೇಬೇಕೆಂಬ ಕುರುಡು ನಿಯಮವು ಅದರಲ್ಲಿಲ್ಲ. ಎಷ್ಟು ಬೇಕೋ ಅಷ್ಟೇ ತಿರುಗುತ್ತದೆ. ಇನ್ನೊಂದು ಪರೀಕ್ಷೆ ಇದಕ್ಕಿಂತಲೂ ಮನನಯೋಗ್ಯ. ಕ್ಲೈನೋಸ್ಟಾಟ್ ಎಂಬ ಯಂತ್ರದ ಮೇಲೆ ಗಿಡವನ್ನಿಟ್ಟು ಬಿಡದೆ ನಿಧಾನವಾಗಿ ಸುತ್ತಿಸುತ್ತಿದ್ದರೆ ಕೆಳಗಿನ ದಿಕ್ಕು ಕ್ಷಣಕ್ಷಣಕ್ಕೂ ಬದಲಾಗುತ್ತದೆ. ಅಂಥ ಗಿಡದ ಮೊಗ್ಗು ತಿರುಗುವುದೇ ಇಲ್ಲ. ಇಂದು ಬೆಂಗಳೂರು ಮೊದಲಾದ ನಗರಗಳ ಮನೆಗಳಲ್ಲಿ ಕುಂಡದ ಆರ್ಕಿಡ್ ಬೆಳೆಸುವವರೂ ಇದನ್ನು ಬಲ್ಲರು. ಮೊಗ್ಗು ಬಂದ ಮೇಲೆ ಗಿಡದ ನಿಲುವನ್ನು ಪದೇಪದೇ ಬದಲಿಸಿದರೆ ಹೂವುಗಳು ಒಂದೊಂದು ಒಂದೊಂದು ಕಡೆಗೆ ಮುಖ ಮಾಡಿ ಗೊಂಚಲಿನ ಅಂದ ಕೆಡುತ್ತದೆ.

ಭೂಮಿಯ ಸೆಳೆತಕ್ಕೆ ನಮ್ಮ ಭಾಷೆಯಲ್ಲಿ ಗುರುತ್ವಾಕರ್ಷಣೆಯೆಂದು ಹೆಸರಿಟ್ಟಿದ್ದಾರೆ. ಸಂಸ್ಕೃತದಲ್ಲಿ ಗುರುವೆಂದರೆ ಭಾರವುಳ್ಳದ್ದು. ಹಾಗೆಯೇ ಗೌರವಕ್ಕೆ ಪಾತ್ರನಾದ ಉಪದೇಶಕನು. ಶಾಸ್ತ್ರದ ಪದವನ್ನು ಕಟ್ಟಿದವರು ಮೊದಲನೆಯ ಅರ್ಥವನ್ನೇ ಉದ್ದೇಶಿಸಿದ್ದರು. ಆದರೂ ಎರಡನೆಯ ಅರ್ಥವನ್ನು ಇಟ್ಟು ನೋಡಿದರೆ ಗೃಹಸ್ಥರಿಗೆ ಉಪಯೋಗವಾಗುವ ಒಂದು ಮಾತು ಸಿಗುತ್ತದೆ. ಗುರುವಾದವನು ಕದಲದೆ ಒಂದು ಕಡೆ ಇರಬೇಕು. ಆತನು ಮೊಗ್ಗನ್ನು ಮುಟ್ಟುವುದಿಲ್ಲ. ಮೊಗ್ಗು ಆತನ ಇರವನ್ನು ಅರಿತು ತಾನೇ ತಿರುಗುತ್ತದೆ. ಮನೆಯಲ್ಲಿ ತಂದೆಯು ಇಂದು ಸತ್ಯವೇ ದೊಡ್ಡದೆಂದು ಹೇಳಿ, ನಾಳೆ ಸಾಲಗಾರನು ಬಾಗಿಲಿಗೆ ಬಂದಾಗ 'ಅಪ್ಪ ಊರಲ್ಲಿಲ್ಲ ಅಂತ ಹೇಳು, ಮಗ' ಎಂದು ಕಳುಹಿಸಿದರೆ ಆ ಮಗುವು ಕ್ಲೈನೋಸ್ಟಾಟಿನ ಮೇಲೆ ಕೂತ ಗಿಡವೇ ಸರಿ. ಅದು ಯಾವ ಕಡೆಗೆ ತಿರುಗಬೇಕು? ತಿರುಗಲಿಲ್ಲವೆಂದು ಮಗುವಿನ ಹುಟ್ಟುಗುಣವನ್ನು ದೂರುವುದಕ್ಕಿಂತ ಮುಂಚೆ, ಅದಕ್ಕೆ ಒಂದು ಸ್ಥಿರವಾದ ದಿಕ್ಕನ್ನು ನಾವು ಕೊಟ್ಟಿದ್ದೆವೆಯೇ ಎಂದು ಕೇಳಿಕೊಳ್ಳುವುದು ಉಚಿತ. ನಿಷ್ಠೆ ಒಂದೇ ಇರಬೇಕೆಂದು ಹಿರಿಯರು ಹೇಳಿದ್ದಕ್ಕೆ ಇದೂ ಒಂದು ಕಾರಣವಾಗಿರಬೇಕು. ದಿನಕ್ಕೊಂದು ದಿಕ್ಕಿಗೆ ಸೆಳೆಯಲ್ಪಡುವ ಮನಸ್ಸು ಬಹಳ ತಿರುಗುತ್ತಿರುವಂತೆ ತೋರುತ್ತದೆ. ನಿಜವಾಗಿ ಅದು ಎಲ್ಲಿಯೂ ತಿರುಗಿಲ್ಲ.

ಇಲ್ಲಿ ಬೇರೊಬ್ಬರು ಆಕ್ಷೇಪಿಸಬಹುದು. ಎಲ್ಲ ಆರ್ಕಿಡ್‌ಗಳೂ ತಿರುಗುತ್ತವೆಯೇ? ಇಲ್ಲ. ನೀಲಗಿರಿಯ ಹುಲ್ಲುಗಾವಲುಗಳಲ್ಲಿ ಬೆಳೆಯುವ ಸ್ಯಾಟಿರಿಯಂ ಎಂಬುದರ ಹೂವು ತಿರುಗದೆಯೇ ಅರಳುತ್ತದೆ. ಅದರ ತುಟಿದಳವು ಮೇಲೆಯೇ ನಿಂತು ಹೂವಿಗೆ ಮುಸುಕಿನಂತೆ ಇರುತ್ತದೆ, ಅದರ ಹಿಂದೆ ಎರಡು ಕೊಂಬುಗಳಂಥ ನಳಿಕೆಗಳಿರುತ್ತವೆ. ಅದಕ್ಕೆ ಅದೇ ಯೋಗ್ಯವಾದ ನಿಲುವು. ಇದರಿಂದ ನಮ್ಮ ವಾದವು ಬೀಳುವುದಿಲ್ಲ. ಅದರ ಎಲ್ಲೆಯು ಗೊತ್ತಾಗುತ್ತದೆ. ತಿರುಗುವುದೇ ಪುಣ್ಯವಲ್ಲ. ಹುಟ್ಟಿನಿಂದಲೇ ಸಮಾಧಾನಿಯಾದ, ದಯೆಯುಳ್ಳ ಮಗುವನ್ನು, ಇವನು ಕಷ್ಟಪಟ್ಟು ಗೆದ್ದವನಲ್ಲವೆಂದು ಹೀಯಾಳಿಸಬೇಕಾಗಿಲ್ಲ. ಹಾಗೆಯೇ ಬಹಳ ಕಷ್ಟದಿಂದ ಕೋಪವನ್ನು ಅಡಗಿಸಿಕೊಂಡವನನ್ನು, ಇವನ ಶಾಂತಿ ಸಹಜವಲ್ಲವೆಂದು ಕಡೆಗಣಿಸಲೂ ಬಾರದು.

ಇನ್ನೂ ಸೋಜಿಗದ ಹೂವೊಂದಿದೆ. ಇಂಗ್ಲೆಂಡಿನ ಚಾರ್ಲ್ಸ್ ಡಾರ್ವಿನ್ನರು ಆರ್ಕಿಡ್‌ಗಳ ಪರಾಗಸ್ಪರ್ಶವನ್ನು ಕುರಿತು 1862ರಲ್ಲಿ ಒಂದು ಗ್ರಂಥವನ್ನು ಪ್ರಕಟಿಸಿದರು. ಅದರಲ್ಲಿ ಜೌಗುನೆಲದ ಮ್ಯಾಲಾಕ್ಸಿಸ್ ಎಂಬ ಸಣ್ಣ ಆರ್ಕಿಡ್ಡನ್ನು ವಿವರಿಸಿದ್ದಾರೆ. ಅದರ ತುಟಿದಳವು ಅರಳಿದಾಗಲೂ ಮೇಲೆಯೇ ಇರುತ್ತದೆ. ನೋಡಿದವರು ಇದು ತಿರುಗಿಯೇ ಇಲ್ಲವೆಂದುಕೊಳ್ಳಬೇಕು. ಆದರೆ ತೊಟ್ಟನ್ನು ಪರೀಕ್ಷಿಸಿದರೆ ಇತರ ಹೂವುಗಳಿಗಿಂತ ಎರಡರಷ್ಟು, ಎಂದರೆ ಪೂರ್ಣ 360 ಡಿಗ್ರಿ ಸುತ್ತಿ ಅದು ಮೊದಲಿನ ಜಾಗಕ್ಕೇ ಬಂದು ನಿಂತಿದೆ. ತಿರುಗದ ಹೂವೂ, ಪೂರ್ಣ ತಿರುಗಿದ ಹೂವೂ ಮುಂದಿನಿಂದ ನೋಡಿದರೆ ಒಂದೇ. ಹಿಂದಿನ ತೊಟ್ಟು ಮಾತ್ರ ಬೇರೆ ಕಥೆಯನ್ನು ಹೇಳುತ್ತದೆ. ಸಂಸಾರದಲ್ಲಿದ್ದು ಉಣ್ಣುವ, ಉಡುವ, ದುಡಿಯುವ ಇಬ್ಬರನ್ನು ನೆನೆದುಕೊಳ್ಳಿರಿ. ಒಬ್ಬನು ಏನನ್ನೂ ವಿಚಾರಿಸದೆ ಹುಟ್ಟಿದಂತೆ ಬಾಳುತ್ತಿದ್ದಾನೆ. ಇನ್ನೊಬ್ಬನು ಎಲ್ಲವನ್ನೂ ಬಿಡಬೇಕೆಂದು ಹಂಬಲಿಸಿ, ಬಿಡುವುದರ ಅರ್ಥವನ್ನು ತಿಳಿದು, ಮತ್ತೆ ಅದೇ ಮನೆ ಅದೇ ಹೊಲಕ್ಕೆ ಬಂದು ಕಾಯಕದಲ್ಲಿ ನಿಂತಿದ್ದಾನೆ. ಹೊರಗಿನಿಂದ ನೋಡುವವರಿಗೆ ಇಬ್ಬರೂ ಸಮಾನರು. ಕಾಯಕವನ್ನು ಬಿಡದೆ ಅನುಭಾವಿಗಳಾದ ಶರಣರ ಹಿರಿಮೆ ನಮಗೆ ಬೇಗನೆ ಕಾಣದಿರುವುದು ಇದರಿಂದಲೇ. ಇನ್ನೊಬ್ಬರ ಒಳಗಿನ ಸುತ್ತನ್ನು ಕಾಣದೆ ಅವರನ್ನು ಅಳೆಯಲು ಹೊರಡುವವರಿಗೆ ಈ ಸಣ್ಣ ಹೂವು ಎಚ್ಚರಿಕೆಯಾಗಲಿ.

ಹೂವಿನಿಂದ ನೀತಿಯನ್ನು ತೆಗೆಯುವಾಗ ಅತಿಯಾಸೆಯೂ ಸಲ್ಲದು. ಸ್ಥಾವರವಾದ ಗಿಡವು ಚಲಿಸುವ ಜೀವಿಗಾಗಿ ತನ್ನ ಜಗಲಿಯನ್ನು ಕೆಳಗಿಳಿಸುತ್ತದೆ, ಇದೇ ದಾಸೋಹವೆಂದು ಹೇಳಲು ನಾಲಿಗೆ ತವಕಿಸುತ್ತದೆ. ಆದರೆ ನಿಜವನ್ನು ಮುಚ್ಚಬಾರದು. ಆರ್ಕಿಡ್ ಜಾತಿಗಳಲ್ಲಿ ಸುಮಾರು ಮೂರರಲ್ಲೊಂದು ಪಾಲು ಬಂದ ಹುಳುವಿಗೆ ಜೇನನ್ನಾಗಲಿ ಬೇರೆ ಆಹಾರವನ್ನಾಗಲಿ ಕೊಡುವುದೇ ಇಲ್ಲವೆಂದು ತಿಳಿದವರು ಅಂದಾಜು ಮಾಡಿದ್ದಾರೆ. ಬಣ್ಣದಿಂದಲೋ ಪರಿಮಳದಿಂದಲೋ ಆಸೆ ತೋರಿಸಿ, ಪರಾಗವನ್ನು ಹೊರಿಸಿ, ಬರಿಗೈಯಲ್ಲಿ ಕಳುಹಿಸುತ್ತವೆ. ಜೇನಿರುವ ಹೂವೂ ತುಟಿಯನ್ನು ಕೆಳಗಿಳಿಸಿದೆ. ಜೇನಿಲ್ಲದ ಹೂವೂ ಹಾಗೆಯೇ ಇಳಿಸಿದೆ. ಗಿಡಕ್ಕೆ ಇದರಲ್ಲಿ ಪಾಪವಿಲ್ಲ, ಅದಕ್ಕೆ ಸಂಕಲ್ಪವೇ ಇಲ್ಲ. ಮನುಷ್ಯನಿಗೆ ಆ ಕ್ಷಮೆಯಿಲ್ಲ. ಹಣೆಯಲ್ಲಿ ವಿಭೂತಿ, ಕೊರಳಲ್ಲಿ ರುದ್ರಾಕ್ಷಿ, ಬಾಗಿಲಲ್ಲಿ ಸ್ವಾಗತದ ಮಾತು ಇವೆಲ್ಲ ಸರಿಯಾದ ದಿಕ್ಕಿಗೆ ತಿರುಗಿರುವ ಗುರುತುಗಳೇ. ಒಳಗೆ ಕೊಡುವ ಮನಸ್ಸಿದೆಯೋ ಇಲ್ಲವೋ ಎಂಬುದು ಆ ಗುರುತುಗಳಿಂದ ಗೊತ್ತಾಗುವುದಿಲ್ಲ. ಹಸಿದು ಬಂದವನು ಹೇಗೆ ಹಿಂತಿರುಗಿದನೆಂಬುದರಿಂದ ಗೊತ್ತಾಗುತ್ತದೆ. ಆದುದರಿಂದ ತಿರುವು ಬೇಕು, ಅದೊಂದೇ ಸಾಲದು.

ಕಡೆಯದಾಗಿ, ವಯಸ್ಸಾದವರು ಕೇಳುವ ಪ್ರಶ್ನೆಯೊಂದಿದೆ. ಮೊಗ್ಗು ಬೆಳೆಯುತ್ತಿರುವಾಗ ಮಾತ್ರ ತಿರುಗಬಲ್ಲುದು. ಅರಳಿ ಬೆಳವಣಿಗೆ ಮುಗಿದ ಹೂವನ್ನು ತಲೆಕೆಳಗಾಗಿಸಿದರೆ ಅದು ಸಾಮಾನ್ಯವಾಗಿ ಮತ್ತೆ ತಿರುಗಿಕೊಳ್ಳುವುದಿಲ್ಲ. ಹಾಗಿದ್ದರೆ ಐವತ್ತು ಅರವತ್ತು ದಾಟಿದ ನಮ್ಮ ಗತಿಯೇನು? ಹೆಂಡತಿಗೆ ಆಡಿದ ಕಟುನುಡಿ, ಅಣ್ಣತಮ್ಮಂದಿರ ಪಾಲಿನಲ್ಲಿ ಮಾಡಿದ ಮೋಸ, ಕೂಲಿಯವನಿಗೆ ಕೊಡದೆ ಉಳಿಸಿಕೊಂಡ ಹಣ, ಇವನ್ನು ಹೊತ್ತುಕೊಂಡು 'ಇನ್ನು ನಾನು ತಿರುಗಿ ಏನು ಪ್ರಯೋಜನ' ಎಂದು ಕುಳಿತವರು ಊರೂರಿನಲ್ಲಿದ್ದಾರೆ. ಈ ಪ್ರಶ್ನೆಯಲ್ಲಿರುವ ನೋವು ಸಣ್ಣದಲ್ಲ.

ಉತ್ತರವು ಅದೇ ಗಿಡದಲ್ಲಿದೆಯೆಂದು ನನಗೆ ತೋರುತ್ತದೆ. ಮನುಷ್ಯನನ್ನು ಒಂದು ಹೂವಿಗೆ ಹೋಲಿಸಿದ್ದೇ ಸಾಲದಾಯಿತು. ಅವನನ್ನು ಗಿಡಕ್ಕೆ ಹೋಲಿಸಬೇಕು. ಹೂವು ಅವನ ಒಂದೊಂದು ಕ್ರಿಯೆ. ಮಾಡಿ ಮುಗಿದ ಕ್ರಿಯೆಯು ಅರಳಿ ಮುಗಿದ ಹೂವಿನಂತೆ. ಅದನ್ನು ಈಗ ತಿರುಗಿಸಲಾಗದು, ತಿರುಗಿಸಿದ್ದೇನೆಂದು ನಟಿಸಲೂ ಬಾರದು. ಆದರೆ ಮರದ ಕೊಂಬೆಯನ್ನು ತಬ್ಬಿ ನಿಂತ ಆ ವಂದಾ ಎಷ್ಟೋ ವರ್ಷ ಬದುಕುವ ಗಿಡ. ಹಳೆಯ ಹೂವು ಬಾಡಿದ ಮೇಲೆ ಮುಂದಿನ ಋತುವಿನಲ್ಲಿ ಅದು ಮತ್ತೊಂದು ದಂಟನ್ನು ಚಾಚುತ್ತದೆ. ಆ ದಂಟಿನ ಒಂದೊಂದು ಮೊಗ್ಗಿನಲ್ಲಿಯೂ ತುಟಿಯು ಮೊದಲಿನಂತೆಯೇ ಮೇಲಿರುತ್ತದೆ. ಒಂದೊಂದು ಮೊಗ್ಗೂ ಹೊಸದಾಗಿ, ತನ್ನದೇ ತೊಟ್ಟಿನಿಂದ ತಿರುಗಬೇಕಾಗುತ್ತದೆ. ಹೋದ ವರ್ಷದ ಹೂವು ತಿರುಗಿತ್ತೆಂದು ಈ ವರ್ಷದ ಮೊಗ್ಗಿಗೆ ರಿಯಾಯಿತಿಯಿಲ್ಲ. ಹೋದ ವರ್ಷ ತಿರುಗಲಿಲ್ಲವೆಂದು ನಿಷೇಧವೂ ಇಲ್ಲ.

ಹುಟ್ಟುಗುಣವು ಸುಟ್ಟರೂ ಹೋಗದಿರಬಹುದು. ಬೆಂಕಿಗೆ ಹಾಕಿದ ಮೊಗ್ಗು ಕರಕಲಾಗುತ್ತದೆಯಲ್ಲದೆ ಅರಳುವುದಿಲ್ಲ. ಸುಡುವುದನ್ನು ಬಿಟ್ಟು ಕಾಯುವುದನ್ನು ಕಲಿಯಬೇಕು. ಮನೆಯಲ್ಲಿ ಕದಲದ ಒಂದು ಸತ್ಯವಿರಲಿ. ಚಿಕ್ಕವರು ಅದನ್ನು ಅರಿತು ತಿರುಗಲು ಹೊತ್ತು ಕೊಡೋಣ. ದೊಡ್ಡವರಾದ ನಾವು, ಕೊಡದೆ ಉಳಿಸಿಕೊಂಡ ಆ ಕೂಲಿಯ ಹಣವನ್ನು ಈ ವಾರವೇ ಕೊಟ್ಟುಬಿಡೋಣ.